ಸಾಕ್ಷಿಕಟ್ಟೆಯಿಂದ ಅವರನ್ನು ಇಳಿಸಿ

ನಾನು ಸೀರೆಗೆ ಫಾಲ್ಸ್ ಹಾಕಿಸುವುದು ತಿಲಕ್ ನಗರದ ಒಂದು ಅಡ್ಡರಸ್ತೆಯಲ್ಲಿ. ಅಂಗಡಿ ಅಂತ ಬೋರ್ಡೇನೂ ಇಲ್ಲ. ಮನೆಯ ಮುಂದಿನ ಕೋಣೆ, ಒಂದು ಹೊಲಿಗೆ ಮೆಷಿನ್ನು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಬ್ಲೌಸುಗಳು, ಬಾಗಿಲಿಗೆ ಅರ್ಧ ಎಳೆದ ಪರದೆ. ಮೆಷಿನ್ನಿನ ಮುಂದೆ ಕೂರುವ ಆಪಾಗೆ ಐವತ್ತೈದರ ಆಸುಪಾಸು. ಮನೆಯಲ್ಲಿ ದಖನಿ, ಗಿರಾಕಿಗಳ ಹತ್ತಿರ ಕನ್ನಡ, ತರಕಾರಿ ಗಾಡಿಯವನ ಹತ್ತಿರ ಚೌಕಾಸಿಗೆ ತಮಿಳು. ಓದಿದ್ದು ನಾಲ್ಕನೇ ಕ್ಲಾಸು, ಅದೂ ಉರ್ದುವಿನಲ್ಲಿ. ಕನ್ನಡ ಓದುವವಳು ಕಾಲೇಜಿಗೆ ಹೋಗುವ ಮಗಳು.

2025ರ ಮೇ 20ರಂದು ಬಾನು ಮುಷ್ತಾಕ್ ಅವರಿಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅದಾದ ಕೆಲವು ವಾರಕ್ಕೆ ಆ ಹುಡುಗಿಗೆ ನನ್ನ ಹತ್ತಿರವಿದ್ದ ಅವರ ಕತೆಗಳ ಪುಸ್ತಕ ಕೊಟ್ಟೆ. ಅವಳು ‘ಬೆಂಕಿ ಮಳೆ’ ಕತೆಯನ್ನು ಅಮ್ಮನಿಗೆ ಓದಿ ಹೇಳಿದ್ದಾಳೆ. ಮುಂದಿನ ವಾರ ಸೀರೆ ತರಲು ಹೋದರೆ ಆಪಾ ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿ, ಸೂಜಿಯನ್ನು ರವಿಕೆಯ ತೋಳಿಗೆ ಚುಚ್ಚಿಕೊಂಡು ಕೇಳಿದರು: “ಅದೆಲ್ಲಾ ಸರಿ ಅಕ್ಕಾ, ಆ ಮನೆ ಯಾರ ಹೆಸರಲ್ಲಿತ್ತು?”

ಆ ವರ್ಷ ಬಾನು ಅವರ ಬಗ್ಗೆ ನಡೆದ ಸಭೆಗಳಿಗೆ ಹೋಗಿದ್ದೇನೆ, ಲೇಖನಗಳನ್ನು ಓದಿದ್ದೇನೆ. ಈ ಪ್ರಶ್ನೆಯನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಕೇಳಿದ್ದೆಲ್ಲ ಒಂದೇ: ಎಷ್ಟು ಧೈರ್ಯ! ಎಂಥ ನೋವು! ದನಿಯಿಲ್ಲದವರಿಗೆ ದನಿಯಾದರು! (ದನಿಯಿಲ್ಲದವರಂತೆ. ನೀರಿನ ಟ್ಯಾಂಕರ್ ಬಂದ ಬೆಳಿಗ್ಗೆ ಯಾರಾದರೂ ಈ ಅಡ್ಡರಸ್ತೆಗೆ ಬಂದು ನಿಂತು ಆಮೇಲೆ ಈ ಮಾತು ಹೇಳಲಿ.)

ಮುಸ್ಲಿಂ ಲೇಖಕಿಯರ ಬಗ್ಗೆ ಕನ್ನಡದಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತುಬಿಟ್ಟಿದೆ. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ತಮ್ಮ ಸಮುದಾಯದ ಹೆಣ್ಣಿನ ಸಂಕಟವನ್ನು ಒಳಗಿನಿಂದ ಕಂಡು ಹೊರಗಿನವರಿಗೆ ತಿಳಿಸಿದವರು ಎಂಬುದು ಆ ಅಭಿಪ್ರಾಯ. ಒಪ್ಪುವವರು ಇದನ್ನು ಹೊಗಳಿಕೆಯಾಗಿ ಹೇಳುತ್ತಾರೆ. ಸಮುದಾಯದೊಳಗಿನ ಕೆಲವರು ಇದನ್ನೇ ಆರೋಪವಾಗಿ ಹೇಳುತ್ತಾರೆ: ಮನೆಯ ಮಾತನ್ನು ಬೀದಿಗೆ ತಂದರು ಅಂತ. ಮೂರನೆಯ ಒಂದು ಗುಂಪಿದೆ. ಅದಕ್ಕೆ ಕತೆ ಬೇಕಾಗಿಲ್ಲ, ಬೇಕಾದದ್ದು ಪುರಾವೆ. ‘ನೋಡಿ, ಅವರ ಹೆಂಗಸೇ ಹೇಳಿದ್ದಾಳೆ’ ಎಂದು ಬೆರಳು ತೋರಿಸಲು ಒಂದು ಪುಟ ಸಿಕ್ಕರೆ ಸಾಕು. ಒಬ್ಬರನ್ನೊಬ್ಬರು ಕಂಡರಾಗದ ಈ ಮೂವರೂ ಒಂದು ವಿಷಯದಲ್ಲಿ ಮಾತ್ರ ಒಗ್ಗಟ್ಟು. ಮೂವರೂ ಈ ಲೇಖಕಿಯರನ್ನು ಸಾಕ್ಷಿಕಟ್ಟೆಗೆ ಹತ್ತಿಸಿ ನಿಲ್ಲಿಸಿದ್ದಾರೆ. ಸಾಕ್ಷಿಯ ಕೆಲಸ ಕಂಡದ್ದನ್ನು ಹೇಳುವುದು. ವಾದ ಹೂಡುವುದು, ಕಾನೂನಿನ ಅರ್ಥ ಬಿಡಿಸುವುದು, ನಡುವೆ ಒಂದು ನಗೆಚಟಾಕಿ ಹಾರಿಸುವುದು ಸಾಕ್ಷಿಯ ಕೆಲಸವಲ್ಲ. ಅದು ವಕೀಲರದು. ಬಾನು ಹಾಸನದಲ್ಲಿ ವಕೀಲಿ ಮಾಡಿದವರು. ಸಾರಾ ಕಾಸರಗೋಡಿನ ವಕೀಲರೊಬ್ಬರ ಮಗಳು. ಇಬ್ಬರ ಬರವಣಿಗೆಯಲ್ಲೂ ಕಣ್ಣೀರಿಗಿಂತ ಮೊದಲು ಕಾಣಿಸುವುದು ವಾದದ ಕಟ್ಟು. ನಮ್ಮ ವಿಮರ್ಶೆ ಅದನ್ನು ಕಂಡೂ ಕಾಣದಂತೆ ದಾಟಿಹೋಯಿತು.

ಪಕ್ಕದಲ್ಲಿ ಎಂ.ಕೆ. ಇಂದಿರಾ ಅವರನ್ನಿಟ್ಟು ನೋಡಿ. 1976ರ ‘ಫಣಿಯಮ್ಮ’ ಮಲೆನಾಡಿನ ಬ್ರಾಹ್ಮಣ ಮನೆಯೊಂದರ ಬಾಲವಿಧವೆಯ ಕತೆ. ಮಡಿ, ತಲೆ ಬೋಳಿಸುವುದು, ಬಾಣಂತಿ ಕೋಣೆ, ಎಲ್ಲವೂ ಒಂದು ಜಾತಿಯ ಒಳಮನೆಯವು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಅದನ್ನು ‘ಬ್ರಾಹ್ಮಣ ಸಮುದಾಯದ ಮೇಲಿನ ದಾಖಲೆ’ ಎಂದು ಯಾರಾದರೂ ಕರೆದರೇ? ಇಲ್ಲ. ಅದು ‘ಹೆಣ್ಣಿನ ಕತೆ’ ಆಯಿತು, ನಾಡಿನ ಕತೆ ಆಯಿತು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಯಾವ ಜಾತಿಯವಳೆಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ಅವಳ ಮನಸ್ಸಿನ ಬಗ್ಗೆ ಮಾತಾಡಿದರು. ಮಹಿಳೆಯರು ಬರೆದದ್ದನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದ ಕಾಲ ಒಂದಿತ್ತು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಆ ಮಾತಿನ ಕಾವು ಇನ್ನೂ ಆರಿರಲಿಲ್ಲ. ಆ ಅಡುಗೆಮನೆಯಿಂದ ಇಂದಿರಾ ಮತ್ತು ತ್ರಿವೇಣಿ ಹೊರಗೆ ಬಂದರು. ಅದೇ ಹೊತ್ತಿಗೆ ಸಾರಾ ಮತ್ತು ಬಾನು ಅವರಿಗೆ ಅದಕ್ಕಿಂತ ಚಿಕ್ಕದೊಂದು ಕೋಣೆ ಸಿದ್ಧವಾಗುತ್ತಿತ್ತು. ಅದರ ಬಾಗಿಲಿಗೆ ‘ಮುಸ್ಲಿಂ ಸಂವೇದನೆ’ ಎಂದು ಬರೆದಿತ್ತು.

ಈಗ ‘ಬೆಂಕಿ ಮಳೆ’. ಮಸೀದಿಯ ಆಡಳಿತ ನೋಡುವ ಮುತವಲ್ಲಿ ಉಸ್ಮಾನ್ ಸಾಹೇಬರಿಗೆ ಒಂದು ತಲೆನೋವು. ಕಿರಿಯ ತಂಗಿ ಬಂದು ತವರಿನ ಆಸ್ತಿಯಲ್ಲಿ ತನ್ನ ಪಾಲು ಕೇಳಿದ್ದಾಳೆ. ಜಗಳವಾಡಲು ಬಂದವಳಲ್ಲ, ಧರ್ಮವೇ ತನಗೆ ಕೊಟ್ಟದ್ದನ್ನು ಕೇಳುತ್ತಿದ್ದಾಳೆ. ಧರ್ಮದ ಹೆಸರಿನಲ್ಲಿ ಊರಿಗೆ ನ್ಯಾಯ ಹೇಳುವ ಮನುಷ್ಯನಿಗೆ ಇದಕ್ಕೆ ಉತ್ತರ ಹೊಳೆಯುವುದಿಲ್ಲ. ಅಷ್ಟರಲ್ಲಿ ಒಂದು ಸುದ್ದಿ ಬರುತ್ತದೆ: ಮುಸ್ಲಿಮನೊಬ್ಬನ ಹೆಣ ಹಿಂದೂಗಳ ಸ್ಮಶಾನದಲ್ಲಿ ಹೂತುಹೋಗಿದೆ! ಸಾಹೇಬರಿಗೆ ಜೀವ ಬಂದಂತಾಗುತ್ತದೆ. ಜನ ಸೇರಿಸಬಹುದು, ಅಧಿಕಾರಿಗಳ ಬಾಗಿಲು ಬಡಿಯಬಹುದು, ಸಮುದಾಯದ ಮಾನ ಉಳಿಸಬಹುದು. ಅಲ್ಲಿಯವರೆಗೆ ತಂಗಿಯ ವಿಷಯ ಹಿಂದಕ್ಕೆ ಸರಿಯುತ್ತದೆ.

ಇದರಲ್ಲಿ ಯಾವ ‘ಒಳಗಿನ ಗುಟ್ಟು’ ಇದೆ? ಆಸ್ತಿಯ ಲೆಕ್ಕ ಕೇಳಿದ ಹೆಣ್ಣಿನ ಬಾಯಿ ಮುಚ್ಚಿಸಲು ಗಂಡಸು ಸಮುದಾಯದ ಮಾನವನ್ನು ಬೀದಿಗೆ ಕರೆಯುತ್ತಾನೆ. ಕತೆಯ ವಾದ ಇಷ್ಟೇ, ಮತ್ತು ಇದು ರಾಜಕೀಯದ ಕುರಿತ ವಾದ. ಸಂಕುಚಿತ ಧರ್ಮಾಭಿಮಾನದ ಹಿಂದೆ ಎಷ್ಟೋ ಸಲ ಒಂದು ಖಾತೆ, ಒಂದು ಪಹಣಿ ಬಚ್ಚಿಟ್ಟುಕೊಂಡಿರುತ್ತದೆ ಎಂದು ಸಮಾಜಶಾಸ್ತ್ರದ ಪುಸ್ತಕವೊಂದು ಇನ್ನೂರು ಪುಟದಲ್ಲಿ ಹೇಳಬಹುದಾದ್ದನ್ನು ಬಾನು ಒಂದು ಸಣ್ಣ ಕತೆಯಲ್ಲಿ ಹೇಳಿದ್ದಾರೆ. ಆಪಾ ಅದನ್ನು ಒಂದೇ ಪ್ರಶ್ನೆಯಲ್ಲಿ ಹಿಡಿದರು.

ಉಸ್ಮಾನ್ ಸಾಹೇಬರು ಮುಸ್ಲಿಮರಾಗಿದ್ದಕ್ಕೆ ಹೀಗೆ ಮಾಡಿದರು ಎನ್ನುವವರು ಯಾವುದಾದರೊಂದು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಅರ್ಧ ದಿನ ನಿಂತು ಬರಲಿ. ಪತ್ರ ಬರೆಯುವವರ ಅಂಗಡಿಗಳಲ್ಲಿ ‘ಹಕ್ಕು ಬಿಡುಗಡೆ ಪತ್ರ’ಕ್ಕೆ ನಮೂನೆ ಸಿದ್ಧವಾಗಿಯೇ ಇರುತ್ತದೆ, ಹೆಸರು ಮತ್ತು ಚೆಕ್ಕುಬಂದಿ ತುಂಬಿದರೆ ಮುಗಿಯಿತು. ಅಣ್ಣ ಕಾರಿನಲ್ಲಿ ಕರೆತರುತ್ತಾನೆ. ತಂಗಿ ರೇಷ್ಮೆ ಸೀರೆ ಉಟ್ಟು ಬರುತ್ತಾಳೆ. ಬೆರಳಚ್ಚು, ಫೋಟೋ, ಸಹಿ. ಆಮೇಲೆ ಹೋಟೆಲಿನಲ್ಲಿ ಊಟ. ಪ್ರತಿಫಲಕ್ಕೆ ನಾವು ಇಟ್ಟಿರುವ ಹೆಸರು ಎಷ್ಟು ಸೊಗಸು: ಅರಿಶಿನ ಕುಂಕುಮ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಕೆಲವು ಹಕ್ಕು ಕೊಡುವ ಕಾಯ್ದೆ ಮಾಡಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು. ಇಡೀ ದೇಶದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು 2005ರಲ್ಲಿ ಬಂತು. ಮುಸ್ಲಿಂ ಹೆಣ್ಣುಮಗಳಿಗೆ ಅಣ್ಣನ ಅರ್ಧದಷ್ಟು ಪಾಲು ಶರೀಅತ್ತಿನಲ್ಲಿ ಮೊದಲಿಂದಲೂ ಇದೆ. ಕಾನೂನು ಬೇರೆ, ತಾರೀಖು ಬೇರೆ. ಬಿಡುಗಡೆ ಪತ್ರದ ಮೇಲೆ ಸಹಿ ಹಾಕುವ ಕೈ ಮಾತ್ರ ಎರಡೂ ಕಡೆ ತಂಗಿಯದೇ. ಈ ಕತೆಯನ್ನು ಮುಸ್ಲಿಂ ಸಂಕಟ ಎಂದು ಪಕ್ಕಕ್ಕಿಟ್ಟ ಓದುಗ ತನ್ನ ಮನೆಯ ಬೀರುವಿಗೆ ತಾನೇ ಬೀಗ ಹಾಕಿಕೊಂಡಿದ್ದಾನೆ.

ಸಾರಾ ಅವರ ವಿಷಯದಲ್ಲಿ ನಮ್ಮ ಮರೆವು ಇನ್ನೂ ದೊಡ್ಡದು. 1936ರಲ್ಲಿ ಕಾಸರಗೋಡಿನ ಚಂದ್ರಗಿರಿ ಹೊಳೆಯ ಸೀಮೆಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ನಲವತ್ತೈದು ದಾಟುವ ಹೊತ್ತಿಗೆ ಬರೆಯಲು ಹೊರಟವರು ಅವರು. ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಪುಸ್ತಕವಾಯಿತು. ಮಾವ-ಅಳಿಯನ ನಡುವೆ ಹಣದ ಮಾತಿಗೆ ಮನಸ್ತಾಪ, ಅಪ್ಪ ಮಹಮದ್ ಖಾನ್ ಮಗಳು ನಾದಿರಾಗೆ ತಲಾಖ್ ಕೊಡಿಸುತ್ತಾನೆ. ಅವನಿಗೇ ಪಶ್ಚಾತ್ತಾಪವಾಗಿ ಗಂಡ-ಹೆಂಡತಿಯನ್ನು ಮತ್ತೆ ಕೂಡಿಸೋಣವೆಂದರೆ, ನಡುವೆ ಅವಳು ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ಬಿಡುಗಡೆ ಪಡೆಯಬೇಕೆಂಬ ನಿಯಮ ಅಡ್ಡ ಬರುತ್ತದೆ. ನಾದಿರಾ ಮಸೀದಿಯ ಕೊಳದ ಪಾಲಾಗುತ್ತಾಳೆ.

ತಲಾಖ್ ಆದ ಹೆಂಗಸಿಗೂ ಜೀವನಾಂಶ ಸಲ್ಲಬೇಕೆಂಬ ಶಾಬಾನು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1985ರ ಏಪ್ರಿಲ್‌ನಲ್ಲಿ. ತಲಾಖ್ ಬಗ್ಗೆ ದೆಹಲಿ ಮಾತಾಡಲು ಶುರುಮಾಡಿದ್ದು ಆಮೇಲೆ. ಅಷ್ಟು ಹೊತ್ತಿಗೆ ಕನ್ನಡದ ಓದುಗರು ವಾರವಾರ ಈ ವಾದವನ್ನು ಓದಿ ಮುಗಿಸಿದ್ದರು. ಮತ್ತೆ ಸಾರಾ ಹೂಡಿದ ವಾದ ದೆಹಲಿಯದಕ್ಕಿಂತ ಸೂಕ್ಷ್ಮ. ಅವರು ಧರ್ಮವನ್ನು ಬಿಟ್ಟುಬಿಡಿ ಎನ್ನಲಿಲ್ಲ. ಧರ್ಮದ ಮಾತು ಏನು, ಅದನ್ನು ಮಹಮದ್ ಖಾನನಂಥ ಯಜಮಾನ ಹೇಗೆ ತನ್ನ ಹಟಕ್ಕೆ ಬಳಸಿಕೊಂಡ ಎಂದು ಎರಡನ್ನೂ ಬೇರೆ ಮಾಡಿ ಇಟ್ಟರು. ಇದು ಮೂಲಪಾಠವನ್ನು ತೆರೆದಿಟ್ಟುಕೊಂಡು ಮಾಡುವ ವಾದ, ಪಂಡಿತರು ಪಂಡಿತರೊಡನೆ ಮಾಡುವಂಥದ್ದು. ನಾವು ಅದರಲ್ಲಿ ಅಳುವ ಹುಡುಗಿಯನ್ನಷ್ಟೇ ನೋಡಿದೆವು.

ಇಲ್ಲಿ ನನ್ನದೊಂದು ತಕರಾರೂ ಇದೆ, ಅದನ್ನು ನುಂಗಿಕೊಳ್ಳುವುದು ಸರಿಯಲ್ಲ. ಕೊಳದ ಮುಕ್ತಾಯ ಕಾದಂಬರಿಯ ವಾದವನ್ನು ಕುಗ್ಗಿಸುತ್ತದೆ. ಸತ್ತ ನಾದಿರಾ ಎಲ್ಲರ ಕಣ್ಣೀರಿಗೆ ಸುಲಭವಾಗಿ ಸಿಗುತ್ತಾಳೆ. ಬದುಕಿದ್ದು ‘ನಾನು ಈ ನಿಯಮಕ್ಕೆ ಒಪ್ಪುವುದಿಲ್ಲ’ ಎಂದಿದ್ದರೆ ಖಾನನಿಗೂ ಖಾಜಿಗೂ ಓದುಗನಿಗೂ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಬಾನು ಅವರಲ್ಲೂ ಇಂಥ ಜಾಗಗಳಿವೆ. ‘ಒಮ್ಮೆ ಹೆಣ್ಣಾಗು ಪ್ರಭುವೇ’ಯಲ್ಲಿ ದೇವರಿಗೆ ಹಾಕುವ ಮೊರೆ ಜೋರಾಗಿದೆ, ಕತೆಗಿಂತ ಶೀರ್ಷಿಕೆಯೇ ಹೆಚ್ಚು ಹೊತ್ತು ನೆನಪಿನಲ್ಲಿ ಉಳಿಯುತ್ತದೆ. ಹೀಗೆ ಹೇಳಲು ನಮ್ಮ ವಿಮರ್ಶಕರು ಯಾಕೆ ಹಿಂಜರಿದರು? ಸಾಕ್ಷಿ ಹೇಳುವವಳ ಭಾಷೆ ತಿದ್ದುವುದು ಅಸಭ್ಯ ಅನ್ನಿಸಿರಬೇಕು. ‘ಧೈರ್ಯ’ವನ್ನು ಹೊಗಳಿ ಎದ್ದುಬಿಟ್ಟರೆ ವಾಕ್ಯಗಳನ್ನು ಓದುವ ಶ್ರಮ ತಪ್ಪುತ್ತದೆ. ಧೈರ್ಯ ಇತ್ತು, ಯಾರು ಇಲ್ಲವೆಂದರು? ಮಸೀದಿಯಲ್ಲಿ ಹೆಂಗಸರಿಗೂ ಪ್ರವೇಶ ಬೇಕೆಂದು ಹೇಳಿದ್ದಕ್ಕೆ ಬಾನು 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಆದರೆ ಅದು ಅವರ ಜೀವನಚರಿತ್ರೆ. ಕತೆಗೆ ಅಂಕ ಕೊಡುವಾಗ ಅದನ್ನು ಸೇರಿಸುವುದು ಕತೆಗೆ ಮಾಡುವ ಅವಮಾನ.

‘ಕರಿ ನಾಗರಗಳು’ ಕತೆಗೆ ಆದದ್ದು ಇನ್ನೂ ತಮಾಷೆ. ಮೂರು ಹೆಣ್ಣು ಹೆತ್ತಳೆಂದು ಗಂಡ ಬಿಟ್ಟುಹೋದ ಅಶ್ರಫ್ ನ್ಯಾಯ ಕೇಳಿಕೊಂಡು ಮುತವಲ್ಲಿಯ ಹತ್ತಿರ ಬರುತ್ತಾಳೆ. ಅವಳಿಗೆ ಅವಳ ಹಕ್ಕು ಏನೆಂದು ಹೇಳಿಕೊಡುವವಳು ಪುಸ್ತಕ ಓದುವ ಜುಲೇಖಾ ಬೇಗಂ. ಕತೆಯ ನಡುಮಧ್ಯದಲ್ಲಿ, ಹೀಗೆ, ಹೆಂಗಸೊಬ್ಬಳು ಇನ್ನೊಬ್ಬ ಹೆಂಗಸಿಗೆ ಕಾನೂನು ಪಾಠ ಮಾಡುತ್ತಿದ್ದಾಳೆ. ಅಶ್ರಫಳ ಮಗು ಸತ್ತಮೇಲೆ ಊರಿನ ಹೆಂಗಸರು ಮುತವಲ್ಲಿಗೆ ಶಾಪ ಹಾಕುತ್ತಾರೆ. ಅವನ ಹೆಂಡತಿ ಆಮಿನಾ ಇನ್ನು ಹೆರುವುದಿಲ್ಲವೆಂದು ಆಪರೇಷನ್ ಮಾಡಿಸಿಕೊಳ್ಳಲು ಮನೆಬಿಟ್ಟು ಹೊರಡುತ್ತಾಳೆ. ತೀರ್ಪು ಕೊಡಬೇಕಾದವನ ಮನೆಯಲ್ಲೇ ತೀರ್ಪು ಬೇರೆಯವರ ಕೈಗೆ ಹೋಗುವ ಆ ತಿರುವು ಎಷ್ಟು ಬಿಗಿಯಾಗಿದೆ ನೋಡಿ. ಗಿರೀಶ್ ಕಾಸರವಳ್ಳಿ 2004ರಲ್ಲಿ ಇದನ್ನು ‘ಹಸೀನಾ’ ಮಾಡಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಬರಲೇಬೇಕಿತ್ತು. ಸಿನಿಮಾಕ್ಕೂ ಒಂದು ರಾಷ್ಟ್ರಪ್ರಶಸ್ತಿ ಬಂತು. ಯಾವ ವಿಭಾಗದಲ್ಲಿ ಗೊತ್ತೇ? ಕುಟುಂಬ ಕಲ್ಯಾಣ! ನ್ಯಾಯ ಕೇಳಿ ಮಸೀದಿಯ ಬಾಗಿಲಲ್ಲಿ ಕೂತ ಹೆಣ್ಣಿನ ಕತೆ ಸರ್ಕಾರದ ಕಡತದಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕ ಹೋಗಿ ಕೂತಿತು.

ನಾನು ಕೂತು ಬರೆಯುತ್ತಿರುವ ಈ ತಿಲಕ್ ನಗರದ ಹೆಸರೇ ಒಂದು ಪಾಠ. ಲೋಕಮಾನ್ಯ ತಿಲಕರ ಹೆಸರು. 1891ರಲ್ಲಿ ಬ್ರಿಟಿಷ್ ಸರ್ಕಾರ ಹೆಣ್ಣಿನ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಮಸೂದೆ ತಂದಾಗ, ಅದಕ್ಕೆ ಮುಂಚೆ ಕಲ್ಕತ್ತೆಯಲ್ಲಿ ಫೂಲ್‌ಮಣಿ ಎಂಬ ಎಳೆಯ ಹೆಂಡತಿ ಗಂಡನ ಕೈಯಲ್ಲಿ ಸತ್ತಿದ್ದರೂ, ತಿಲಕರು ಮಸೂದೆಯನ್ನು ಬಲವಾಗಿ ವಿರೋಧಿಸಿದರು. ಅವರ ವಾದ: ನಮ್ಮ ಧರ್ಮದ, ನಮ್ಮ ಮನೆಯ ವಿಷಯದಲ್ಲಿ ಪರಕೀಯ ಸರ್ಕಾರ ಕೈಹಾಕಬಾರದು, ಸುಧಾರಣೆ ಬೇಕಾದರೆ ಒಳಗಿನಿಂದ ಆಗಲಿ. ಅವರ ‘ಕೇಸರಿ’ ಪತ್ರಿಕೆಯ ಟೀಕೆಗೆ ಗುರಿಯಾದವರಲ್ಲಿ ಪಂಡಿತಾ ರಮಾಬಾಯಿ ಒಬ್ಬರು. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಅಂದರೆ ನಮ್ಮದೇ ನೆಲದಲ್ಲಿ, ಹುಟ್ಟಿದ ಹೆಣ್ಣುಮಗಳು. ಸಂಸ್ಕೃತವನ್ನು ಅಪ್ಪ-ಅಮ್ಮನಿಂದ ಕಲಿತು ಶಾಸ್ತ್ರಗಳನ್ನಿಟ್ಟುಕೊಂಡೇ ಶಾಸ್ತ್ರಿಗಳನ್ನು ಪ್ರಶ್ನಿಸಿದಾಕೆ. ಶಾಬಾನು ತೀರ್ಪಿನ ನಂತರ ಕೇಳಿಬಂದ ‘ನಮ್ಮ ಶರೀಅತ್ತಿಗೆ ಕೈಹಾಕಬೇಡಿ’ ಎಂಬ ಕೂಗನ್ನು ತಿಲಕರ ಮಾತಿನ ಪಕ್ಕದಲ್ಲಿಡಿ. ಸುಮಾರು ತೊಂಬತ್ತೈದು ವರ್ಷದ ಅಂತರ, ವಾಕ್ಯ ಒಂದೇ. ಸಾರಾ, ಬಾನು ವಾದ ಮಾಡುತ್ತಿರುವುದು ಆ ವಾಕ್ಯದ ಜೊತೆಗೆ. ಅದನ್ನು ಆಡಿದವನು ಗಡ್ಡ ಬಿಟ್ಟಿದ್ದನೋ ಪುಣೇರಿ ಪಗಡಿ ಸುತ್ತಿದ್ದನೋ ಎಂಬುದು ಅವರ ವಾದಕ್ಕೆ ಮುಖ್ಯವಲ್ಲ.

ಇನ್ನು ನಗೆ. ಬೂಕರ್ ಬಂದ ಮೇಲೂ ಬಾನು ಅವರ ಹಾಸ್ಯದ ಬಗ್ಗೆ ಕನ್ನಡದಲ್ಲಿ ಮಾತು ಕಡಿಮೆ. ಶಾಯಿಸ್ತಾ ಮಹಲ್‌ನ ಕತೆಯ ಆರಂಭದಲ್ಲೇ ನಿರೂಪಕಿ ಗಂಡನನ್ನು ಏನೆಂದು ಕರೆಯಬೇಕೆಂಬ ಫಜೀತಿಗೆ ಬೀಳುತ್ತಾಳೆ. ಯಜಮಾನ ಅಂದರೆ ತಾನು ಆಳಾಗಬೇಕಲ್ಲ? ಒಂದೊಂದು ಪದವನ್ನೂ ಎತ್ತಿ ನೋಡಿ ಕೆಳಗಿಡುತ್ತಾಳೆ. ಇದು ಮುಸ್ಲಿಂ ಹೆಣ್ಣಿನ ಸಂಕಟವೇ? ಬಸವನಗುಡಿಯಿಂದ ಬೀದರಿನವರೆಗೆ ‘ನಮ್ಮ ಯಜಮಾನ್ರು’ ಅನ್ನದ ಮನೆ ಎಷ್ಟಿವೆ? ಇಲ್ಲಿ ಆಕೆ ಪ್ರಶ್ನೆ ಕೇಳುತ್ತಿರುವುದು ಕನ್ನಡ ಭಾಷೆಗೆ. ಇನ್ನೊಂದು ಕತೆಯಲ್ಲಿ ಮಕ್ಕಳಿಗೆ ಅರಬ್ಬಿ ಕಲಿಸಲು ಬರುವ ಮೇಷ್ಟ್ರಿಗೆ ಗೋಬಿ ಮಂಚೂರಿಯ ಹುಚ್ಚು. ಆ ಹುಚ್ಚು ಮದುವೆಯ ಮನೆಯೊಳಕ್ಕೂ ನುಗ್ಗುತ್ತದೆ. ನಿರೂಪಕಿ ವಕೀಲೆ, ಮನೆಯಲ್ಲೂ ಹೊರಗೂ ಪುರಸೊತ್ತಿಲ್ಲದವಳು. ನಮ್ಮ ತಿರುವಿನಲ್ಲಿ ಸಂಜೆ ಆರಕ್ಕೆ ನಿಲ್ಲುವ ಗಾಡಿಯ ಬಾಣಲೆ ಸದ್ದು ಕೇಳಿದಾಗಲೆಲ್ಲ ನನಗೆ ಆ ಮೇಷ್ಟ್ರು ನೆನಪಾಗುತ್ತಾರೆ. (2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ನಿಷೇಧಿಸಿತು. ಅವರು ಏನು ಮಾಡಿಕೊಂಡರೋ.) ಗಂಡಸಿನ ಅಧಿಕಾರ ಒಂದು ಪ್ಲೇಟ್ ಗೋಬಿಯ ಮಟ್ಟಕ್ಕೆ ಇಳಿದು ನಗೆಪಾಟಲಾಗುವುದನ್ನು, ಆ ನಗೆಪಾಟಲು ಹೆಂಡತಿಯ ಮೈಮೇಲೆ ಏಟಾಗುವುದನ್ನು ಒಂದೇ ಉಸಿರಿಗೆ ತೋರಿಸುವುದು ಹೇಳಿದಷ್ಟು ಸುಲಭವಲ್ಲ. ಸಾಕ್ಷಿಕಟ್ಟೆಯಲ್ಲಿ ನಿಂತವರು ನಗಿಸುವುದಿಲ್ಲ. ಅದಕ್ಕೇ ನಮ್ಮ ಲೇಖನಗಳಲ್ಲಿ ಈ ಮೇಷ್ಟ್ರಿಗೆ ಜಾಗ ಸಿಗಲಿಲ್ಲ.

ಬಾನು ಅವರ ಕತೆಗಳು ಬರೀ ಸಾಕ್ಷ್ಯವಲ್ಲ ಎಂಬುದನ್ನು ಅನುವಾದಕಿ ದೀಪಾ ಭಾಸ್ತಿ ನಮಗಿಂತ ಚೆನ್ನಾಗಿ ಅರಿತಿದ್ದರು. ಇಂಗ್ಲಿಷಿನಲ್ಲಿ ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ಎತ್ತಿ ತೋರಿಸಲಿಲ್ಲ, ಅಡಿಟಿಪ್ಪಣಿ ಹಾಕಲಿಲ್ಲ. ಈ ಜನ ವಿಚಿತ್ರ, ಇವರನ್ನು ವಿವರಿಸಬೇಕು ಎಂಬ ಧಾಟಿಯನ್ನೇ ಕೈಬಿಟ್ಟರು. ಲಂಡನ್ನಿನ ಓದುಗನಿಗೆ ಸಿಕ್ಕ ಈ ಮರ್ಯಾದೆ ಕನ್ನಡದ ಓದುಗನಿಗೆ ಯಾಕೆ ಸಿಗಬಾರದು?

ಹೀಗೆ ಓದಿದರೆ ಸಮುದಾಯದ ನಿಜವಾದ ತೊಂದರೆಗಳು ಮಸುಕಾಗುವುದಿಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ನನಗೇನೋ ತಿರುಗುಮುರುಗಾಗಿ ಕಾಣುತ್ತದೆ. ಸಾಕ್ಷಿಯನ್ನು ನಂಬಬಹುದು ಅಥವಾ ಸುಳ್ಳೆನ್ನಬಹುದು, ಅಲ್ಲಿಗೆ ಮುಗಿಯಿತು. ವಾದಕ್ಕೆ ಮಾತ್ರ ಪ್ರತಿವಾದ ಕೊಡಬೇಕಾಗುತ್ತದೆ. 2025ರ ದಸರಾ ನೆನಪಿಸಿಕೊಳ್ಳಿ. ಉದ್ಘಾಟನೆಗೆ ಬಾನು ಅವರನ್ನು ಕರೆದದ್ದೇ ತಪ್ಪೆಂದು ಕೆಲವರು ಹೈಕೋರ್ಟಿಗೆ ಹೋದರು, ಅಲ್ಲಿ ಬಿದ್ದುಹೋದ ಮೇಲೆ ಸುಪ್ರೀಂ ಕೋರ್ಟಿಗೆ ಹೋದರು, ಅಲ್ಲಿಯೂ ಸೆಪ್ಟೆಂಬರ್ 19ಕ್ಕೆ ಅರ್ಜಿ ವಜಾ ಆಯಿತು. 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ಮಾಡಿದರು. ಅಷ್ಟು ವಾರ ಟೀವಿಯಲ್ಲಿ ನಾನು ಕೇಳಿದ ಗಲಾಟೆಯೆಲ್ಲ ಅವರು ಯಾರು, ಏನು ಉಡುತ್ತಾರೆ, ಯಾವ ದೇವರಿಗೆ ಕೈಮುಗಿಯುತ್ತಾರೆ ಎಂಬುದರ ಬಗ್ಗೆ. ಪರ ಮಾತಾಡಿದವರ ಬಾಯಲ್ಲೂ ಒಂದು ಕತೆಯ ಹೆಸರು ಬರಲಿಲ್ಲ.

ಆಪಾಗೆ ಅವತ್ತು ನಾನು ಉತ್ತರ ಕೊಡಲಿಲ್ಲ. “ನಿಮ್ಮದು ಯಾರ ಹೆಸರಲ್ಲಿದೆ?” ಎಂದು ತಿರುಗಿ ಕೇಳಿದೆ. ಸೀರೆ ಮಡಚಿ ಕವರಿಗೆ ಹಾಕುತ್ತ ಅವರು ನಕ್ಕು, “ನಮ್ಮ ಅಪ್ಪಂದು ಅಣ್ಣನ ಹೆಸರಲ್ಲಿ, ಇದು ಇವರ ಹೆಸರಲ್ಲಿ, ಮೆಷಿನ್ನು ನಂದು” ಅಂದರು. ಫಾಲ್ಸಿಗೆ ಮತ್ತು ಜಿಗ್‌ಜಾಗಿಗೆ ಸೇರಿ ನೂರೈವತ್ತು ತೆಗೆದುಕೊಂಡರು.

ಮನೆಗೆ ಬಂದು ನಾನು ಅಮ್ಮನ ಕಬ್ಬಿಣದ ಟ್ರಂಕು ತೆಗೆದೆ. 1987ರ ಒಂದು ಸ್ಟಾಂಪ್ ಪೇಪರು ಸಿಕ್ಕಿತು, ಹಾಸನ ಜಿಲ್ಲೆಯ ಎರಡು ಎಕರೆ ಚಿಲ್ಲರೆ ಜಮೀನಿನದು, ಕೆಳಗೆ ಮೂರು ಜನ ತಂಗಿಯರ ಸಹಿ, ಮೂರನೆಯದು ಅಮ್ಮನದು. ನೀವೂ ‘ಬೆಂಕಿ ಮಳೆ’ ಓದಿ. ಓದಿದ ಮೇಲೆ ನಿಮ್ಮ ಮನೆಯ ಬೀರು ತೆಗೆದು, ಕಾಗದಗಳ ಕಟ್ಟು ಬಿಚ್ಚಿ, ಕೊನೆಯ ಪುಟದಲ್ಲಿ ಯಾರ ಯಾರ ಸಹಿ ಇದೆ ನೋಡಿ.